ಸಿಡಿಲು ಕೇಳುತ್ತಿದ್ದ ಕೊಟ್ರಪ್ಪ

ಕೊಟ್ರಪ್ಪನವರ ಟ್ರಾನ್ಸಿಸ್ಟರಿನಲ್ಲಿ ಯಾವ ಸ್ಟೇಷನ್ನೂ ಬರುತ್ತಿರಲಿಲ್ಲ. ಬರಬಾರದೆಂದೇ ಮುಳ್ಳನ್ನು ಎರಡು ಸ್ಟೇಷನ್‌ಗಳ ನಡುವಿನ ಖಾಲಿ ಜಾಗದಲ್ಲಿ ನಿಲ್ಲಿಸಿ, ಕಿವಿಗೆ ಹಿಡಿದು ಕೂರುತ್ತಿದ್ದರು. ದೂರದಲ್ಲೆಲ್ಲೋ ಮಿಂಚಿದರೂ ಆ ಖಾಲಿ ಜಾಗ ‘ಚಟ್’ ಎನ್ನುತ್ತಿತ್ತು.

ಸಂಡೂರು ಬೆಟ್ಟದ ಒಂದು ಅದಿರು ಗಣಿಯಲ್ಲಿ ಅವರು ಬ್ಲಾಸ್ಟರ್. ಬಂಡೆಗೆ ಕೊರೆದ ಕುಳಿಗಳಿಗೆ ಮದ್ದು ತುಂಬಿ, ತಂತಿ ಜೋಡಿಸಿ ಸಿಡಿಸುವ ಕೆಲಸ. ಆ ತಂತಿಗೆ ಸಿಡಿಲಿನ ವಿದ್ಯುತ್ ಹರಿದರೆ ಮದ್ದು ಯಾರ ಅಪ್ಪಣೆಗೂ ಕಾಯುವುದಿಲ್ಲ.

ನಾನು ಭೂವಿಜ್ಞಾನ ಓದಿ ಅಲ್ಲಿಗೆ ತರಬೇತಿಗೆ ಬಂದಿದ್ದೆ. ಕಾದ ಗಾಳಿ ತೇವ ಹೊತ್ತು ಮೇಲೇರುವುದು, ಮೋಡದೊಳಗೆ ಹಿಮದ ಹರಳುಗಳು ತಿಕ್ಕಾಡಿ ವಿದ್ಯುತ್ ಹುಟ್ಟುವುದು, ಎಲ್ಲ ಪುಸ್ತಕದಿಂದ ಗೊತ್ತಿತ್ತು. ಅವರ ಪಾಠ ಬೇರೆ. “ಬಿಸಲು ಕಾದು, ಡ್ಯಾಮಿನ ಕಡಿಂದ ಹಸಿ ಗಾಳಿ ಬಂದು, ಮೋಡದ ನೆತ್ತಿ ಚಪ್ಪಟಿ ಆತು ಅಂದ್ರ ನಿಂದ್ರಬ್ಯಾಡ್ರಿ ಮೇಡಂ. ಇದು ಕಬ್ಬಿಣದ ಗುಡ್ಡ.”

ಡ್ರಿಲ್ಲರ್ ಬಸ್ಯಾ ಛೇಡಿಸುತ್ತಿದ್ದ. “ಏನ್ ಕಾಕಾ, ರೇಡಿಯೋದಾಗ ಯಾರು ಮಾತಾಡಾಕತ್ತಾರ?”

“ಯಮ ಅದಾನಲೇ. ನಿನ್ನ ಅಡ್ರೆಸ್ ಕೇಳಾಕತ್ತಾನ.”

ಒಂದು ವಾರ ಅವರು ಎರಡು ಸಲ ಕೆಲಸ ನಿಲ್ಲಿಸಿದರು. ಸಿಡಿಲು ಬರಲಿಲ್ಲ. ಮ್ಯಾನೇಜರ್ ಎಲ್ಲರೆದುರೇ ಹೇಳಿದರು: “ಇನ್ನೊಂದ್ ಸಲ ಸುಳ್ಳಾತು ಅಂದ್ರ ನಿನ್ನ ಗೇಟಿನಾಗ ಕುಂದ್ರಸ್ತೀನಿ.” ಕೊಟ್ರಪ್ಪ ತಲೆ ತಗ್ಗಿಸಿದರು.

ಎರಡು ದಿನ ಕಳೆದು, ಮಧ್ಯಾಹ್ನ. ಕುಳಿಗಳೆಲ್ಲ ತುಂಬಿದ್ದವು. ನೆತ್ತಿಯ ಮೇಲೆ ನೀಲಿ ಆಕಾಶ. ಮೋಡ ಇದ್ದದ್ದು ಯಶವಂತನಗರದ ಆಚೆ. ನಿಜಕ್ಕೂ ನೀಲಿಯೇ ಇತ್ತೇ? ನೆನಪು ಆಕಾಶವನ್ನು ತನಗೆ ಬೇಕಾದಂತೆ ತೊಳೆದಿಡುತ್ತದೆ. ಗಾಳಿ ನಿಂತದ್ದು ಮಾತ್ರ ಡೈರಿಯಲ್ಲಿದೆ. ನೆಲಕ್ಕೆ ಊರಿದ್ದ ಸರಳು ಜೇನಿನಂತೆ ಗುಂಯ್‌ಗುಟ್ಟಿದ್ದು ಡೈರಿಯಲ್ಲಿಲ್ಲ, ಕಿವಿಯಲ್ಲಿದೆ. ರೇಡಿಯೋ ಹಿಡಿದ ಕೊಟ್ರಪ್ಪ ನನ್ನನ್ನೇ ದಿಟ್ಟಿಸಿದರು.

“ಎಲ್ಲಾರೂ ಇಳೀರಿ! ಬಸ್ಯಾ, ಓಡಲೇ!”

ನಾನು ಸ್ಯಾಂಪಲ್ ಚೀಲಕ್ಕೆಂದು ಹಿಂತಿರುಗಿದೆ. ಅವರು ಮುಂಗೈ ಹಿಡಿದೆಳೆದರು. “ಯವ್ವಾ, ಕಲ್ಲು ಎಲ್ಲೂ ಹೋಗಂಗಿಲ್ಲ. ನೀ ಬಾ.” ಅದುವರೆಗೆ ಅವರು ನನಗೆ ಏಕವಚನ ಬಳಸಿರಲಿಲ್ಲ.

ಕೆಳಗಿನ ಶೆಲ್ಟರ್ ಸೇರುವಷ್ಟರಲ್ಲಿ ಲೋಕ ಬೆಳ್ಳಗಾಯಿತು. ಯಾರೂ ಗುಂಡಿ ಒತ್ತದೆ ಬೆಟ್ಟ ತಾನಾಗಿ ಎದ್ದು ಬಿತ್ತು. ಕೆಂಪು ಧೂಳು ಇಳಿದಾಗ ನಾವು ನಿಂತಿದ್ದ ಜಾಗವೇ ಇರಲಿಲ್ಲ. ಬಸ್ಯಾ ನಮ್ಮನ್ನೆಲ್ಲ ಎಣಿಸಿದ. ನಂಬಿಕೆಯಾಗದೆ ಮತ್ತೆ ಎಣಿಸಿದ.

ಕೊಟ್ರಪ್ಪ ತೀರಿಕೊಳ್ಳುವುದಕ್ಕೆ ಕೆಲವು ತಿಂಗಳ ಮೊದಲು ಬಂಡ್ರಿಯ ಅವರ ಮನೆಗೆ ಹೋಗಿದ್ದೆ. ಮತ್ತೆ ನೋಡಲಿಲ್ಲ.

“ಅವತ್ತು ರೇಡಿಯೋ ಏನಂತು?” ಎಂದು ಕೇಳಿದೆ.

“ಅದನ್ನ ಬಂದ್ ಮಾಡಿದ್ನಿರಿ. ಮ್ಯಾನೇಜರ್‌ಗ ಅಂಜಿ. ಮನ್ಯಾಗ ಬಿಟ್ಟು ಬಂದಿದ್ದೆ.”

ಹಾಗಾದರೆ ಅವರ ಕೈಯಲ್ಲಿ ನಾನು ಕಂಡದ್ದೇನು? “ಮತ್ತೆ ಹೆಂಗ ಗೊತ್ತಾತು?”

ಅವರು ನನ್ನ ತಲೆಯ ಕಡೆ ನೋಡಿದರು.

“ಹೆಲ್ಮೆಟ್ಟಿನ ಹೊರಗಿದ್ದ ನಿಮ್ಮ ಕೂದಲ ನೋಡಿದೆ. ಒಂದೊಂದ ಎದ್ದು ನಿಂತಿದ್ವು, ಯಾರೋ ಮ್ಯಾಲಿಂದ ಹಿಡದು ಎಳದಂಗ. ನೀವು ನಗಾಕತ್ತಿದ್ರಿ.”