ಅಧ್ಯಕ್ಷರು ಮುಖ ತೊಳೆದುಕೊಂಡರು

ಹಾರವಾಡದ ಎದುರಿನ ನಡುಗಡ್ಡೆಯಲ್ಲಿ ಅಂದು ಕಾರವಾರದ ಪರಿಹಾರ ಸಮಿತಿಯವರೆಲ್ಲ ಇದ್ದೆವು: ಅಧ್ಯಕ್ಷರಾದ ವಕೀಲರು, ಅವರ ಕೊರಳಿನ ಹಾರ, ಫೋಟೋ ತೆಗೆಯುವವರು, ಮೂಟೆ ಹೊರಲು ನಾನು. ಬಿರುಗಾಳಿಗೆ ಮನೆ ಕಳೆದುಕೊಂಡ ಮೀನುಗಾರರು ಬಿಸಿಲಿನಲ್ಲಿ ಕೂತಿದ್ದರು. ಆ ಸೆಕೆಗೆ ಒಪ್ಪುವಂತೆ ನಾವು ದಪ್ಪ ಕಂಬಳಿಗಳನ್ನು ಒಯ್ದಿದ್ದೆವು.

ಅಧ್ಯಕ್ಷರು ತ್ಯಾಗದ ಬಗ್ಗೆ ಬಹಳ ಹೊತ್ತು ಮಾತನಾಡಿದರು. ತ್ಯಾಗಕ್ಕೂ ಗಂಟಲು ಒಣಗುತ್ತದೆ. ಅದನ್ನು ಕಂಡು, ಮೀನುಗಾರರ ನಡುವೆ ಕೂತಿದ್ದ ನಾಗಮ್ಮಜ್ಜಿ ನಮ್ಮ ಕಡೆಯ ಪದ್ಧತಿಯಂತೆ ಬೆಲ್ಲದ ಚೂರು, ಒಂದು ತಂಬಿಗೆ ನೀರು ತಂದಿಟ್ಟಳು. ಅಧ್ಯಕ್ಷರು ಗಟಗಟನೆ ಕುಡಿದು, "ಅಮೃತ ಇದು! ಇನ್ನೊಂದ್ ತಂಬ್ಗಿ ತಕಂಡ್ ಬಾ ಅಜ್ಜಿ, ಮುಖ ತೊಳ್ಕಂಬೇಕು, ಫೋಟೋ ಅದೆ" ಎಂದರು.

ಅಜ್ಜಿ ಕೊಡವನ್ನು ಪೂರ್ತಿ ಬಗ್ಗಿಸಿ ತಂಬಿಗೆ ತುಂಬಿಸಿದಳು. ಕೊಡ ಬರಿದಾಯಿತು.

"ಬಾವಿ ಎಲ್ಲದೆ ಅಜ್ಜಿ? ನಾ ಸೇದ್ಕಂಡ್ ಬತ್ತೆ" ಎಂದೆ.

"ಬಾವಿಗೆ ಸಮುದ್ರ ಹೊಕ್ಕದ್ಯಲ್ಲ ತಮಾ. ಈ ನಡುಗಡ್ಡೆಗೆಲ್ಲ ಸಿಹಿನೀರು ಅಂದ್ರೆ ಇದೊಂದೇ ಕೊಡ ಆಗಿತ್ತು. ಮನೆಗೆ ಬಂದವ್ರಿಗೆ ನೀರ್ ಇಲ್ಲ ಅನ್ನೂಕಾಗ್ತದ್ಯಾ?"

ಫೋಟೋದಲ್ಲಿ ಅಧ್ಯಕ್ಷರ ಮುಖ ಫಳಫಳ ಹೊಳೆಯಿತಂತೆ. ದೋಣಿಯಲ್ಲಿ ದಡಕ್ಕೆ ಮರಳಿ ಅವರು ಕಾರವಾರಕ್ಕೆ ಗಾಡಿ ಹತ್ತಿದ ಮೇಲೆ ನಾನು ಹಾರವಾಡದ ಮನೆಮನೆಗೆ ಹೋಗಿ ವಿಷಯ ಹೇಳಿದೆ. ಹೆಂಗಸರು ಅಡುಗೆ ಬಿಟ್ಟು ಬಾವಿಕಟ್ಟೆಗೆ ಓಡಿದರು. ಕತ್ತಲಾಗುವ ಮೊದಲೇ ಮೀನಿನ ದೋಣಿಯ ತುಂಬ ಕೊಡಗಳು ನಡುಗಡ್ಡೆಗೆ ಹೊರಟವು. ನೀರು ತುಳುಕದಿರಲೆಂದು ಒಂದೊಂದು ಕೊಡದ ಬಾಯಿಗೂ ಬಾಳೆಲೆ ಕಟ್ಟಿದ್ದರು.