ಚಿಂತಕರಿಗೆ ಹಿಡಿದ ಚೊಂಬು ನೀರು

ನನ್ನ ಹಳೆಯ ಡೈರಿಯಲ್ಲಿ ೧೯೮೭ರ ಫೆಬ್ರವರಿ ೧೨ಕ್ಕೆ ‘ಅರ್ಥಶಾಸ್ತ್ರಜ್ಞರ ಆಗಮನ’ ಎಂದಿದೆ. ಆ ಚಿಂತಕರು ಶಿಡ್ಲಘಟ್ಟದಲ್ಲಿ ದೇಶದ ಭವಿಷ್ಯದ ಬಗ್ಗೆ ಭಾಷಣ ಮಾಡಿ, ನಮ್ಮ ರೇಷ್ಮೆ ಹುಳುಮನೆ ನೋಡಲು ಬಂದರು. ಆ ಬೆಳೆಯ ದುಡ್ಡಲ್ಲೇ ಮಗಳನ್ನು ಕಾಲೇಜಿಗೆ ಸೇರಿಸಬೇಕಿತ್ತು. ಅವರ ಕೈಯಲ್ಲಿ ಸೇದುವ ಪೈಪು ಕಂಡು, ನಾನು ಚೊಂಬು ನೀರು, ಸೋಪು ಹಿಡಿದು ಬಾಗಿಲಲ್ಲೇ ನಿಂತೆ.

“ಕೈ ತೊಳ್ಕೊಂಡು ಬನ್ನಿ ಸಾರ್.”

“ಮಡಿಯೇನಮ್ಮಾ? ಇಂಥ ಮೂಢನಂಬಿಕೆಯಿಂದಲೇ ದೇಶ ಹಿಂದೆ ಬಿದ್ದಿರೋದು. ನಾನು ತೊಳೆಯೋದಿಲ್ಲ, ಇದು ತತ್ವದ ಪ್ರಶ್ನೆ.”

“ಮಡಿಯಲ್ಲ ಸಾರ್, ಹೊಗೆಸೊಪ್ಪು. ಹುಳಕ್ಕೆ ವಿಷ. ನಾನೂ ಬಿ.ಎಸ್ಸಿ. ಓದಿದ್ದೀನಿ.”

ಅವರು ನಮ್ಮ ಯಜಮಾನರತ್ತ ತಿರುಗಿ, “ಓದಿದವರೂ ಹೀಗೇ, ನೋಡಿ” ಎಂದು ಮರುಗಿದರು.

“ದೊಡ್ಡೋರು ಕಣೇ, ಸುಮ್ನಿರು” ಎಂದು ಯಜಮಾನರು ನನ್ನನ್ನು ಪಕ್ಕಕ್ಕೆ ಸರಿಸಿದರು.

ವೈಜ್ಞಾನಿಕ ಮನೋಭಾವದ ಮಹತ್ವ ವಿವರಿಸುತ್ತಲೇ ಚಿಂತಕರು ತಂಬಾಕಿನ ಬೆರಳಲ್ಲಿ ಹುಳುಗಳ ಒಂದು ತಟ್ಟೆಯನ್ನೂ ಬಿಡದೆ ಹಿಪ್ಪುನೇರಳೆ ಸೊಪ್ಪು ಹಾಕಿದರು. ಹುಳುಗಳು ತಲೆಯೆತ್ತಿ ಕೇಳಿದವು. ಸಂಜೆಗೆ ಹಸಿರು ಕಕ್ಕಿ ಸತ್ತವು.

ಪ್ರಗತಿಗೆ ತಗಲಿದ ವೆಚ್ಚ ಆ ಸಲದ ರೇಷ್ಮೆಗೂಡೆಲ್ಲ, ಮಗಳ ಓದಿನ ಒಂದು ವರ್ಷ. ಉಳಿದದ್ದು ಒಂದು ಚೊಂಬು ನೀರು.