ಸಫ್ದರ್ ಸಾಹೇಬರ ನಂಬರು

ಸರ್ಕಾರಿ ಕಾಲೇಜುಗಳ ಸೀಟು ಕಳೆದ ವರ್ಷ ಎಷ್ಟನೇ ರ‍್ಯಾಂಕಿಗೆ ಮುಗಿಯಿತೆಂಬುದು ಗೋಣಿಬೀಡಿನ ಜೆರಾಕ್ಸ್ ಅಂಗಡಿಯ ಸಫ್ದರ್ ಸಾಹೇಬರಿಗೆ ಮಗ್ಗಿಯಂತೆ ಬಾಯಿಪಾಠ. ಅರ್ಜಿ ತುಂಬಿಸಲು ಬಂದವರು ಸಣ್ಣ ಕಾಲೇಜೆಂದು ಮೂಗು ಮುರಿದರೆ, "ದೊಡ್ಡ ಕಾಲೇಜಿನ ಬಾಗಿಲು ಸಣ್ಣದು ಮಾರಾಯ. ಎಲ್ಲಿಗೆ ಹೋದ್ರೂ ಓದೋದು ನೀನೇ ಅಲ್ವಾ?" ಎಂದು ರೇಗುತ್ತಾರೆ. ಸುತ್ತಲಿನ ಕಾಫಿ ಎಸ್ಟೇಟಿನ ಮನೆಗಳಲ್ಲಿ ಸಿಗ್ನಲ್ ಸಿಗದ್ದರಿಂದ ಎಲ್ಲರ ಅರ್ಜಿಗೂ ತಮ್ಮದೇ ಮೊಬೈಲ್ ನಂಬರು ಹಾಕುತ್ತಾರೆ. ಸೀಟು ಸಿಕ್ಕವರು ಮತ್ತೆ ಅಂಗಡಿಯತ್ತ ಸುಳಿಯುವುದಿಲ್ಲ. ನಂಬರು ಬದಲಿಸುವುದನ್ನೂ ಮರೆಯುತ್ತಾರೆ. ಹಾಜರಾತಿಯ ಎಚ್ಚರಿಕೆ, ಪರೀಕ್ಷೆಯ ಫಲಿತಾಂಶ, ಎಲ್ಲ ಸಾಹೇಬರಿಗೇ ಬರುತ್ತವೆ. ತಿಳಿಸೋಣವೆಂದರೆ ಅವರ ನಂಬರು ಇವರಲ್ಲಿಲ್ಲ. ಮೊನ್ನೆ, ವರ್ಷಗಳ ಹಿಂದೆ ಇಲ್ಲೇ ಅರ್ಜಿ ತುಂಬಿಸಿದ್ದ ಹುಡುಗಿಯೊಬ್ಬಳ ಕಾಲೇಜಿನಿಂದ, "ಪ್ರಿಯ ವಿನುತಾ, ನಾಳೆ ನಿಮ್ಮ ಘಟಿಕೋತ್ಸವ, ಪೋಷಕರೊಂದಿಗೆ ಬನ್ನಿ" ಎಂಬ ಸಂದೇಶ ಬಂತು. ಮರುದಿನ ಸಾಹೇಬರು ಹಬ್ಬದ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿ ತೊಟ್ಟು, ದಿನವಿಡೀ ಅಂಗಡಿಯಲ್ಲಿ ಒಬ್ಬರೇ ಕೂತಿದ್ದರು.